ಸ್ವಂತ ಜಾಗದಲ್ಲಿ ಕಾರು ನಿಲ್ಲಿಸಿದ್ದಕ್ಕೆ ಕೋರ್ಟ್ ಕೇಸ್: ಇಂಗ್ಲೆಂಡಿನ ಒಂದು ಪಾರ್ಕಿಂಗ್ ಪ್ರಕರಣ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಒಂದು ಫ್ಲ್ಯಾಟಿನಲ್ಲಿ ಬಾಡಿಗೆಗೆ ಇರುವ ಕುಟುಂಬ ಇದು. ಊರು ಪುತ್ತೂರು ಕಡೆ. ಮನೆಯಾಕೆ ಆಸ್ಪತ್ರೆಯಲ್ಲಿ ನರ್ಸ್. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುವುದು, ಇಲ್ಲೂ ಹಾಗೇ ಬರೆಯುತ್ತೇನೆ. 2023ರ ನವೆಂಬರಿನಲ್ಲಿ ಅಕ್ಕ ರಾತ್ರಿ ಪಾಳಿ ಮುಗಿಸಿ ಬಂದು, ತಮ್ಮ ಫ್ಲ್ಯಾಟಿಗೆಂದೇ ಕೊಟ್ಟಿದ್ದ ಜಾಗದಲ್ಲಿ ಕಾರು ನಿಲ್ಲಿಸಿ ಮನೆಗೆ ಹೋದರು. ಡ್ಯಾಶ್‌ಬೋರ್ಡಿನ ಮೇಲಿದ್ದ ಪರ್ಮಿಟ್ ಚೀಟಿ ಬಾಗಿಲು ಹಾಕುವಾಗ ಸೀಟಿನ ಕೆಳಗೆ ಜಾರಿತ್ತು. ಮಧ್ಯಾಹ್ನ ಬಂದು ನೋಡಿದರೆ ಗಾಜಿನ ಮೇಲೆ ನೋಟಿಸ್. 100 ಪೌಂಡ್ ಕೊಡಬೇಕು, 14 ದಿನದೊಳಗೆ ಕೊಟ್ಟರೆ 60.

ಈ ನೋಟಿಸ್ ಪೊಲೀಸರದ್ದಲ್ಲ, ನಗರಸಭೆಯದ್ದೂ ಅಲ್ಲ. ಫ್ಲ್ಯಾಟಿನ ನಿರ್ವಹಣೆ ನೋಡಿಕೊಳ್ಳುವವರು ಒಂದು ಖಾಸಗಿ ಪಾರ್ಕಿಂಗ್ ಕಂಪನಿಯನ್ನು ನೇಮಿಸಿದ್ದರು. ಆ ಕಂಪನಿಯ ಬೇಡಿಕೆ ಇದು. ಬಣ್ಣ, ಅಕ್ಷರ, ಒಕ್ಕಣೆ ಎಲ್ಲ ಸರ್ಕಾರಿ ದಂಡದ ಚೀಟಿಯಂತೆ ಇರುವುದರಿಂದ ಹೊಸದಾಗಿ ಬಂದವರು ಹೆದರಿ ಕಟ್ಟಿಬಿಡುತ್ತಾರೆ. ಕಾನೂನಿನ ಲೆಕ್ಕದಲ್ಲಿ ಇದು ಕರಾರಿನ ಹಣ ಮಾತ್ರ. ನೀವು ಬೋರ್ಡ್ ಓದಿ, ಅದರ ಷರತ್ತಿಗೆ ಒಪ್ಪಿ ಗಾಡಿ ನಿಲ್ಲಿಸಿದಿರಿ, ಆಮೇಲೆ ಷರತ್ತು ಮುರಿದಿರಿ, ಅದಕ್ಕೆ ಹಣ ಕೊಡಿ ಎನ್ನುವುದು ಅವರ ವಾದ. ಕರಾರು ಇತ್ತು ಎಂದು ತೋರಿಸುವ ಹೊಣೆ ಕಂಪನಿಯದು.

ಭಾವನಿಗೆ ಇದನ್ನು ಕೊಟ್ಟು ಮುಗಿಸಬೇಕೆಂದಿತ್ತು. ಅಕ್ಕ ಬಿಡಲಿಲ್ಲ. "ನನ್ನ ಜಾಗದಲ್ಲಿ ನಾನು ಗಾಡಿ ಇಟ್ಟದ್ದು ಮಾರಾಯ, ಇವರಿಗೆ ದುಡ್ಡು ಎಂತಕ್ಕೆ?" ಎಂದು ಕೇಳಿದರು. ಆ ಪ್ರಶ್ನೆಯಲ್ಲೇ ಇಡೀ ಕೇಸಿನ ಉತ್ತರ ಇತ್ತು. ಅದನ್ನು ಕೋರ್ಟಿಗೆ ಅರ್ಥವಾಗುವ ಹಾಗೆ ಕಾಗದದ ಮೇಲೆ ತರುವುದಷ್ಟೇ ನಮ್ಮ ಕೆಲಸವಾಯಿತು.

ಮೊದಲು ಕಂಪನಿಗೇ ಇಮೇಲ್ ಬರೆದರು. ತಿರಸ್ಕಾರವಾಯಿತು. ಆಮೇಲೆ ಪಾರ್ಕಿಂಗ್ ಉದ್ಯಮದ ಸಂಘ ನಡೆಸುವ ಮೇಲ್ಮನವಿ ಸೇವೆಗೆ ಬರೆದರು, ಅಲ್ಲೂ ಸೋತರು. ಈ ಮೇಲ್ಮನವಿಯಲ್ಲಿ ಸೋತರೆ ಎಲ್ಲ ಮುಗಿಯಿತು ಎಂದು ತುಂಬಾ ಜನ ತಿಳಿಯುತ್ತಾರೆ. ಹಾಗಿಲ್ಲ. ಅಲ್ಲಿನ ತೀರ್ಮಾನ ವಾಹನದವರನ್ನು ಕಟ್ಟಿಹಾಕುವುದಿಲ್ಲ, ಕೋರ್ಟಿನಲ್ಲಿ ಎಲ್ಲ ಮೊದಲಿನಿಂದ ಶುರು.

ಆ ಮೊದಲ ಇಮೇಲಿನಲ್ಲಿ ಅಕ್ಕ "ನಾನೇ ಕಾರು ನಿಲ್ಲಿಸಿದ್ದು" ಎಂದು ಬರೆದಿದ್ದರು. ಇದರಿಂದ ಒಂದು ದಾರಿ ಮುಚ್ಚಿತು. ಖಾಸಗಿ ಪಾರ್ಕಿಂಗಿನಲ್ಲಿ ಓಡಿಸಿದವರು ಯಾರು ಎಂದು ಹೇಳಲೇಬೇಕೆಂಬ ಕಾನೂನು ಇಂಗ್ಲೆಂಡಿನಲ್ಲಿ ಇಲ್ಲ. ಓಡಿಸಿದವರು ಯಾರೆಂದು ಗೊತ್ತಿಲ್ಲದಿದ್ದರೆ, ವಾಹನ ಯಾರ ಹೆಸರಿನಲ್ಲಿ ದಾಖಲಾಗಿದೆಯೋ ಅವರಿಂದ ವಸೂಲಿ ಮಾಡಲು 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆಯ 4ನೇ ಅನುಸೂಚಿ ಕಂಪನಿಗೆ ಅವಕಾಶ ಕೊಡುತ್ತದೆ. ಆದರೆ ಅದಕ್ಕೆ ಬಿಗಿಯಾದ ಕಟ್ಟಳೆಗಳಿವೆ. ಗಾಜಿನ ಮೇಲೆ ಚೀಟಿ ಅಂಟಿಸದೆ ಕ್ಯಾಮೆರಾದಿಂದಲೇ ಹಿಡಿದಿದ್ದರೆ ನೋಟಿಸ್ 14 ದಿನದೊಳಗೆ ತಲುಪಬೇಕು, ನಿಗದಿಯಾದ ಎಚ್ಚರಿಕೆಯ ಮಾತುಗಳು ಅದರಲ್ಲಿ ಇರಬೇಕು. ಒಂದು ತಪ್ಪಿದರೂ ಆ ಅವಕಾಶ ಹೋಯಿತು. ಎಷ್ಟೋ ಕೇಸುಗಳು ಇಷ್ಟರ ಮೇಲೇ ಬಿದ್ದುಹೋಗುತ್ತವೆ. ಅಕ್ಕ ತಾವೇ ಒಪ್ಪಿಕೊಂಡಿದ್ದರಿಂದ ನಮಗೆ ಅದು ಸಿಗಲಿಲ್ಲ. ನನ್ನ ಮಟ್ಟಿಗೆ ಅದರಿಂದ ನಷ್ಟವೇನೂ ಆಗಲಿಲ್ಲ. ನಿಜ ಹೇಳಿ ಗೆಲ್ಲುವ ದಾರಿ ಎದುರಿಗೇ ಇತ್ತು.

ಕೋರ್ಟಿನ ಲಕೋಟೆ

ಒಂದು ವರ್ಷ ಪತ್ರಗಳ ಮೇಲೆ ಪತ್ರ ಬಂದವು. ಸಾಲ ವಸೂಲಿ ಏಜೆನ್ಸಿಗಳ ಹೆಸರಿನಲ್ಲಿ, ಕೆಂಪು ಅಕ್ಷರದಲ್ಲಿ, 100 ಪೌಂಡ್ 170 ಆಗಿ. ಇಂಥ ಏಜೆನ್ಸಿಗಳಿಗೆ ಮನೆಗೆ ಬಂದು ಸಾಮಾನು ಎತ್ತುವ ಅಧಿಕಾರ ಇಲ್ಲ. ಅವು ಪತ್ರ ಬರೆಯಬಹುದು, ಫೋನ್ ಮಾಡಬಹುದು, ಅಷ್ಟೇ. ಇವಕ್ಕೆ ಉತ್ತರ ಕೊಡದಿದ್ದರೂ ನಡೆಯುತ್ತದೆ. ಉತ್ತರ ಕೊಡಲೇಬೇಕಾದವು ಎರಡು. ಮೊದಲನೆಯದು ಕೇಸ್ ಹಾಕುವ ಮುಂಚಿನ ಪತ್ರ. ಅದಕ್ಕೆ ಉತ್ತರಿಸಲು 30 ದಿನ ಕೊಡುತ್ತಾರೆ. ಅಕ್ಕ ಅದಕ್ಕೆ ಚಿಕ್ಕದಾಗಿ ಉತ್ತರಿಸಿ ಮೂರು ವಸ್ತು ಕೇಳಿದರು: ಆ ದಿನದ ಫೋಟೊ, ಬೋರ್ಡಿನ ಫೋಟೊ, ಜಮೀನಿನವರ ಜತೆ ಕಂಪನಿ ಮಾಡಿಕೊಂಡ ಒಪ್ಪಂದ. ಅಚ್ಚು ಹಾಕಿಟ್ಟ ಉತ್ತರ ಒಂದು ಬಂತು, ಕೇಳಿದ್ದು ಬರಲಿಲ್ಲ.

ಎರಡನೆಯದು ಕೋರ್ಟಿನ ಕ್ಲೇಮ್ ಫಾರ್ಮ್. 2025ರ ಜನವರಿಯಲ್ಲಿ ನಾರ್ಥಾಂಪ್ಟನ್‌ನಲ್ಲಿರುವ ಸಿವಿಲ್ ನ್ಯಾಷನಲ್ ಬಿಸಿನೆಸ್ ಸೆಂಟರ್‌ನಿಂದ ಬಂತು. ದೇಶದ ಇಂಥ ರಾಶಿ ರಾಶಿ ಕೇಸುಗಳು ಹೊರಡುವುದು ಅಲ್ಲಿಂದಲೇ. ಅದರಲ್ಲಿ ಬರೆದ ಲೆಕ್ಕ: ಮೂಲ ಬೇಡಿಕೆ 100 ಪೌಂಡ್, ವಸೂಲಿ ಖರ್ಚು ಎಂದು 70, ಮೇಲೆ ಶೇಕಡಾ 8ರ ಬಡ್ಡಿ, ಕೋರ್ಟ್ ಶುಲ್ಕ 35, ವಕೀಲರ ಖರ್ಚು 50. ಒಟ್ಟು ಸುಮಾರು 270 ಪೌಂಡ್.

ಈ ಲಕೋಟೆಯನ್ನು ಪಕ್ಕಕ್ಕೆ ಇಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಫಾರ್ಮ್ ಹೊರಟ ತಾರೀಖಿನಿಂದ 5 ದಿನಕ್ಕೆ ಅದು ತಲುಪಿದೆ ಎಂದು ಕೋರ್ಟ್ ಲೆಕ್ಕ ಹಿಡಿಯುತ್ತದೆ. ಅಲ್ಲಿಂದ 14 ದಿನದೊಳಗೆ "ನೋಟಿಸ್ ಸಿಕ್ಕಿದೆ, ವಾದಿಸುತ್ತೇನೆ" ಎಂದು ಆನ್‌ಲೈನಿನಲ್ಲಿ ತಿಳಿಸಬೇಕು. ಹಾಗೆ ತಿಳಿಸಿದರೆ ಡಿಫೆನ್ಸ್, ಅಂದರೆ ನಮ್ಮ ಲಿಖಿತ ಉತ್ತರ, ಕೊಡಲು ಒಟ್ಟು 28 ದಿನ ಸಿಗುತ್ತದೆ. ಸುಮ್ಮನಿದ್ದರೆ ನಮ್ಮ ಕೋರ್ಟುಗಳಲ್ಲಿ ಎಕ್ಸ್‌ಪಾರ್ಟಿ ಎನ್ನುವ ಹಾಗೆ ಕಂಪನಿಯ ಪರ ತೀರ್ಪು ಆಗಿಬಿಡುತ್ತದೆ. ಆ ತೀರ್ಪು 6 ವರ್ಷ ದಾಖಲೆಯಲ್ಲಿ ಉಳಿಯುತ್ತದೆ. ಮನೆ ಸಾಲಕ್ಕೆ, ಮೊಬೈಲ್ ಕರಾರಿಗೆ, ಹೊಸ ಬಾಡಿಗೆ ಮನೆಗೆ ಅಡ್ಡ ಬರುತ್ತದೆ. ಮನೆ ಬದಲಾಯಿಸಿ ಗಾಡಿ ದಾಖಲೆಯಲ್ಲಿ ವಿಳಾಸ ಬದಲಾಯಿಸದವರಿಗೆ ಲಕೋಟೆ ಹಳೆ ಮನೆಗೆ ಹೋಗಿ, ಏನೂ ಗೊತ್ತಾಗದೆಯೇ ತೀರ್ಪು ಆಗಿರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಮನೆ ಬದಲಿಸುವ ನಮ್ಮವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಲೇಬೇಕು.

ವಾದ ಮಾಡಿ ಸೋತರೆ? ಅಕ್ಕನಿಗೆ ಜಾಸ್ತಿ ಭಯ ಇದ್ದದ್ದು ಇದರದೇ. ತೀರ್ಪು ಬಂದ ಒಂದು ತಿಂಗಳೊಳಗೆ ಪೂರ್ತಿ ಹಣ ಕಟ್ಟಿದರೆ ಆ ದಾಖಲೆ ತೆಗೆದುಹಾಕುತ್ತಾರೆ. 10,000 ಪೌಂಡಿನೊಳಗಿನ ಇಂಥ ಸಣ್ಣ ಕೇಸುಗಳಲ್ಲಿ, ತೀರಾ ಅನುಚಿತವಾಗಿ ನಡೆದುಕೊಂಡ ಹೊರತು, ಎದುರಾಳಿಯ ವಕೀಲರ ದೊಡ್ಡ ಬಿಲ್ ಸೋತವರ ತಲೆಗೆ ಬರುವುದಿಲ್ಲ. ಸೋತಿದ್ದರೂ 270ರ ಮೇಲೆ 27 ಪೌಂಡ್ ವಿಚಾರಣೆ ಶುಲ್ಕ ಸೇರಿ ಸುಮಾರು 300 ಪೌಂಡಿಗೆ ಮುಗಿಯುತ್ತಿತ್ತು. ಇದು ಸಿವಿಲ್ ಕೇಸ್, ಅಪರಾಧ ಅಲ್ಲ. ಇಷ್ಟು ಗೊತ್ತಾದ ಮೇಲೆ ಭಾವನೂ ಹೋರಾಡೋಣ ಎಂದರು.

ಬೀವಿಸ್ ಎಂಬ ಗೋಡೆ

ಇಂಗ್ಲೆಂಡಿನಲ್ಲಿ ಪಾರ್ಕಿಂಗ್ ಕೇಸ್ ಎಂದರೆ ಮೊದಲು ಎದುರಾಗುವುದು ಪಾರ್ಕಿಂಗ್ ಐ ವಿರುದ್ಧ ಬೀವಿಸ್ ತೀರ್ಪು. ಚೆಲ್ಮ್ಸ್‌ಫರ್ಡಿನ ಒಂದು ಅಂಗಡಿ ಸಂಕೀರ್ಣದಲ್ಲಿ ಎರಡು ಗಂಟೆ ಪುಕ್ಕಟೆ ಪಾರ್ಕಿಂಗ್ ಇತ್ತು. 2013ರ ಏಪ್ರಿಲ್‌ನಲ್ಲಿ ಬೀವಿಸ್ ಅವರ ಕಾರು 56 ನಿಮಿಷ ಹೆಚ್ಚು ನಿಂತಿತು. 85 ಪೌಂಡ್ ಕೇಳಿದರು. ನಷ್ಟವೇ ಆಗಿಲ್ಲ, ಇದು ದಂಡ, ದಂಡ ಹಾಕಲು ಖಾಸಗಿಯವರಿಗೆ ಹಕ್ಕಿಲ್ಲ ಎಂದು ಅವರು ಸುಪ್ರೀಂ ಕೋರ್ಟ್‌ವರೆಗೂ ಹೋದರು. 2015ರ ನವೆಂಬರ್ 4ರಂದು ಏಳು ನ್ಯಾಯಮೂರ್ತಿಗಳ ಪೀಠ ಅವರ ವಿರುದ್ಧ ತೀರ್ಪು ಕೊಟ್ಟಿತು. ಲಾರ್ಡ್ ಟೌಲ್ಸನ್ ಒಬ್ಬರು ಮಾತ್ರ ಬಳಕೆದಾರರಿಗೆ ಇದು ಅನ್ಯಾಯದ ಷರತ್ತು ಎಂದು ಭಿನ್ನಮತ ಬರೆದರು.

ಅಂದಿನಿಂದ "100 ಪೌಂಡ್ ತುಂಬಾ ಜಾಸ್ತಿ" ಎಂಬ ವಾದ ಒಂದರಿಂದಲೇ ಗೆಲ್ಲುವುದು ಕಷ್ಟ. ಪಾರ್ಕಿಂಗ್ ಕಂಪನಿಗಳು ಪ್ರತಿ ಕೇಸಿನಲ್ಲೂ ಈ ತೀರ್ಪನ್ನು ಲಗತ್ತಿಸುತ್ತವೆ. ಆದರೆ ಅದನ್ನು ಪೂರ್ತಿ ಓದಿದರೆ ಬೇರೆಯೇ ಕಾಣುತ್ತದೆ. ಅಲ್ಲಿ ಕಂಪನಿ ಗೆದ್ದದ್ದಕ್ಕೆ ಕಾರಣಗಳಿದ್ದವು. ಬೀವಿಸ್‌ಗೆ ಆ ಜಾಗದ ಮೇಲೆ ಯಾವ ಹಕ್ಕೂ ಇರಲಿಲ್ಲ. ಎರಡು ಗಂಟೆ ಪುಕ್ಕಟೆ ನಿಲ್ಲಿಸಲು ಬಿಟ್ಟದ್ದೇ ಕಂಪನಿ ಕೊಟ್ಟ ಪ್ರತಿಫಲ, ಅಂದರೆ ಕರಾರಿನಲ್ಲಿ ತನ್ನ ಕಡೆಯಿಂದ ಬದಲಿಗೆ ಕೊಟ್ಟದ್ದು. ಬೋರ್ಡುಗಳು ಎದ್ದು ಕಾಣುವ ಹಾಗಿದ್ದವು. ಅಂಗಡಿಗೆ ಬರುವ ಬೇರೆ ಗಿರಾಕಿಗಳಿಗೆ ಜಾಗ ಖಾಲಿಯಾಗುತ್ತಿರಬೇಕು ಎಂಬ ನ್ಯಾಯವಾದ ಉದ್ದೇಶ ಆ 85 ಪೌಂಡಿನ ಹಿಂದೆ ಇತ್ತು.

ಅಕ್ಕನ ವಿಷಯಕ್ಕೆ ಇದರಲ್ಲಿ ಯಾವುದು ಹೊಂದುತ್ತದೆ? ಅವರು ಒಂದು ನಿಮಿಷದಲ್ಲಿ ತೆಗೆದರೂ, ಒಂದು ವಾರ ಬಿಟ್ಟು ತೆಗೆದರೂ, ಆ ಜಾಗದಲ್ಲಿ ಬೇರೆ ಯಾರೂ ಗಾಡಿ ನಿಲ್ಲಿಸುವಂತಿಲ್ಲ. ಪರ್ಮಿಟ್ ವ್ಯವಸ್ಥೆ ತಂದದ್ದು ಹೊರಗಿನವರು ಬಂದು ನಿವಾಸಿಗಳ ಜಾಗ ಹಿಡಿಯದಿರಲಿ ಎಂದು. ಅದೇ ನಿವಾಸಿಯಿಂದ ಹಣ ಕೀಳಲು ಅದನ್ನು ಬಳಸಿದರೆ ಆ ಉದ್ದೇಶ ಎಲ್ಲಿ ಉಳಿಯಿತು? ನಮ್ಮ ಮನೆ ಜಗುಲಿಯಲ್ಲಿ ನಾವು ಕೂತದ್ದಕ್ಕೆ ಕಾವಲಿಗೆ ಬಂದವನು ಬಾಡಿಗೆ ಕೇಳಿದ ಹಾಗಾಯಿತು.

ಕಾಗದ ಹುಡುಕಿದ್ದು

ಈ ಕೇಸ್ ಗೆದ್ದದ್ದು ಮಾತಿನಿಂದಲ್ಲ, ಎರಡು ಕಾಗದದಿಂದ. ಒಂದು ಅಕ್ಕನ ಬಾಡಿಗೆ ಕರಾರು. ಅದರ ಮೊದಲ ಪುಟದಲ್ಲೇ "ಫ್ಲ್ಯಾಟ್ ಹಾಗೂ ಅದಕ್ಕೆ ಸೇರಿದ ಪಾರ್ಕಿಂಗ್ ಜಾಗ" ಎಂದಿತ್ತು, ಜಾಗದ ಸಂಖ್ಯೆಯೂ ಇತ್ತು. ಪರ್ಮಿಟ್ ಎಂಬ ಮಾತು ಇಡೀ ಕರಾರಿನಲ್ಲಿ ಎಲ್ಲೂ ಇಲ್ಲ.

ಅದು ಸಾಕಾಗುವುದಿಲ್ಲ ಎಂದು ನನಗೆ ಅನ್ನಿಸಿತು. ಬಾಡಿಗೆಗೆ ಕೊಟ್ಟ ಮಾಲೀಕರಿಗೇ ಆ ಹಕ್ಕು ಇಲ್ಲದಿದ್ದರೆ ಅವರು ಅಕ್ಕನಿಗೆ ಹೇಗೆ ಕೊಟ್ಟಾರು? ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಕೊಂಡವರು ಸಾಮಾನ್ಯವಾಗಿ ನೆಲದ ಒಡೆಯರಿಂದ ದೀರ್ಘ ಕಾಲದ ಲೀಸ್ ಪಡೆದಿರುತ್ತಾರೆ. ಆ ಲೀಸಿನ ಪ್ರತಿ ಮಾಲೀಕರ ಹತ್ತಿರ ಇರುತ್ತದೆ, ಇಲ್ಲದಿದ್ದರೆ ಲ್ಯಾಂಡ್ ರಿಜಿಸ್ಟ್ರಿಯಿಂದ ಶುಲ್ಕ ಕೊಟ್ಟು ಯಾರು ಬೇಕಾದರೂ ತರಿಸಿಕೊಳ್ಳಬಹುದು. ಮಾಲೀಕರ ಏಜೆಂಟ್ ಕೇಳಿದ್ದಕ್ಕೆ ಉತ್ತರ ಕೊಡದೆ ಕಾಲ ತಳ್ಳಿದ್ದರಿಂದ ನಾವು ರಿಜಿಸ್ಟ್ರಿಯಿಂದಲೇ ತರಿಸಿದೆವು. 2006ರ ಲೀಸ್. ಗುರುತಿಸಿದ ಜಾಗದಲ್ಲಿ ಒಂದು ಖಾಸಗಿ ಕಾರು ನಿಲ್ಲಿಸುವ ಹಕ್ಕು ಬೇರೆ ಯಾರಿಗೂ ಇಲ್ಲದ ಹಾಗೆ ಫ್ಲ್ಯಾಟಿನವರಿಗೆ ಸೇರಿದ್ದು ಎಂದು ಸ್ಪಷ್ಟವಾಗಿ ಇತ್ತು. ಜತೆಗೆ ನಕ್ಷೆ, ಅದರಲ್ಲಿ ಅದೇ ಸಂಖ್ಯೆ. ಪಾರ್ಕಿಂಗ್ ಕಂಪನಿ ಆ ಜಾಗಕ್ಕೆ ಬಂದದ್ದು 2019ರಲ್ಲಿ.

ಅಂದರೆ ಹಕ್ಕು ಮೊದಲು ಬಂತು, ಬೋರ್ಡ್ ಆಮೇಲೆ ಬಂತು. ಬೋರ್ಡಿನ ಮೂಲಕ ಕಂಪನಿ ಕೊಡುತ್ತೇನೆ ಎನ್ನುವುದು ಗಾಡಿ ನಿಲ್ಲಿಸುವ ಅನುಮತಿ. ಆ ಅನುಮತಿ ಅಕ್ಕನ ಹತ್ತಿರ ಮೊದಲೇ ಇದೆ. ಕೊಡುವುದಕ್ಕೆ ಕಂಪನಿಯ ಕೈಯಲ್ಲಿ ಏನೂ ಇಲ್ಲದ ಮೇಲೆ ಪ್ರತಿಫಲ ಇಲ್ಲ. ಪ್ರತಿಫಲ ಇಲ್ಲದೆ ಕರಾರು ಇಲ್ಲ.

ಆದರೆ ಲೀಸನ್ನು ಕೊನೆಯ ಪುಟದವರೆಗೆ ಓದಿದಾಗ ಒಂದು ಕಲಂ ಕಣ್ಣಿಗೆ ಬಿತ್ತು. ಕಟ್ಟಡದ ಒಳ್ಳೆಯ ನಿರ್ವಹಣೆಗಾಗಿ ಒಡೆಯರು ಕಾಲಕಾಲಕ್ಕೆ ಮಾಡುವ ನ್ಯಾಯವಾದ ನಿಯಮಗಳನ್ನು ನಿವಾಸಿಗಳು ಪಾಲಿಸಬೇಕು ಎಂಬ ಕಲಂ. ಇಂಥದ್ದು ಹೆಚ್ಚಿನ ಲೀಸುಗಳಲ್ಲಿ ಇರುತ್ತದೆ. ಪರ್ಮಿಟ್ ವ್ಯವಸ್ಥೆ ಅಂಥದೊಂದು ನಿಯಮ ಎಂದು ಎದುರಿನವರು ಹಿಡಿದರೆ ನಮ್ಮ ವಾದಕ್ಕೆ ಪೆಟ್ಟು. ಅದನ್ನು ಮುಚ್ಚಿಡುವ ಬದಲು ನಾವೇ ಎತ್ತಿ ಉತ್ತರ ಬರೆದೆವು. ಅಂಥ ನಿಯಮ ಮಾಡಿದ್ದಕ್ಕೆ ಒಂದು ಕಾಗದವೂ ಇಲ್ಲ. ಮಾಡಿದ್ದರೂ ಅದು ಒಡೆಯರು ಮತ್ತು ನಿವಾಸಿಯ ನಡುವಿನದು. ಚೀಟಿ ಕಾಣದಿದ್ದರೆ ಮೂರನೆಯ ಕಂಪನಿಗೆ 100 ಪೌಂಡ್ ಕೊಡಬೇಕು ಎನ್ನುವುದು ನಿರ್ವಹಣೆಯ ನಿಯಮ ಅಲ್ಲ, ಹೊಸ ಸಾಲ.

ಡಿಫೆನ್ಸ್ ಪತ್ರ ಎರಡು ಪುಟ ಮೀರದ ಹಾಗೆ ನೋಡಿಕೊಂಡೆವು. ಕ್ಲೇಮ್ ಫಾರ್ಮಿನಲ್ಲಿ ಯಾವ ಷರತ್ತು ಮುರಿದದ್ದು ಎಂದೇ ಬರೆದಿಲ್ಲ ಎಂಬ ಆಕ್ಷೇಪವನ್ನು ಮೊದಲು ಇಟ್ಟೆವು. 2023ರಲ್ಲಿ ಲೂಟನ್ ಕೌಂಟಿ ಕೋರ್ಟಿನಲ್ಲಿ ಸಿವಿಲ್ ಎನ್‌ಫೋರ್ಸ್‌ಮೆಂಟ್ ವಿರುದ್ಧ ಚಾನ್ ಮೇಲ್ಮನವಿಯಲ್ಲಿ ಇದೇ ಕಾರಣಕ್ಕೆ ಕಂಪನಿಯ ಕ್ಲೇಮ್ ಬಿದ್ದಿತ್ತು. ಅದರ ನಂತರ ಲೀಸಿನ ಹಕ್ಕು, ಬೀವಿಸ್‌ಗೂ ಇದಕ್ಕೂ ಇರುವ ವ್ಯತ್ಯಾಸ, ಮೇಲೆ ಸೇರಿಸಿದ 70 ಪೌಂಡ್. ಬಳಕೆದಾರರ ಕರಾರಿನ ಷರತ್ತು ನ್ಯಾಯವಾಗಿದೆಯೇ ಎಂದು, ಯಾರೂ ಕೇಳದಿದ್ದರೂ, ಕೋರ್ಟ್ ತಾನೇ ಪರಿಶೀಲಿಸಬೇಕು ಎಂದು 2015ರ ಕನ್ಸ್ಯೂಮರ್ ರೈಟ್ಸ್ ಕಾಯ್ದೆಯ 71ನೇ ಸೆಕ್ಷನ್ ಹೇಳುತ್ತದೆ. ಅದನ್ನೂ ನೆನಪಿಸಿದೆವು.

ಕಂಪನಿಗಳಿಗೆ ಈ 70 ಪೌಂಡಿನ ಮೇಲೆ ಎಷ್ಟು ಆಸೆ ಎಂಬುದಕ್ಕೆ ಇಷ್ಟು ಸಾಕು. ಇಂಥ ಹೆಚ್ಚುವರಿಯನ್ನು ನಿಷೇಧಿಸುವ ಸರ್ಕಾರಿ ನಿಯಮಾವಳಿ 2022ರ ಫೆಬ್ರುವರಿಯಲ್ಲಿ ಹೊರಬಂದಿತ್ತು. ಉದ್ಯಮದವರು ಕೋರ್ಟಿಗೆ ಹೋದರು. ಅದೇ ವರ್ಷ ಜೂನ್‌ನಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡಿತು.

ಡಿಫೆನ್ಸ್ ಆದ ಮೇಲೆ ಫೋನಿನಲ್ಲಿ ಮಧ್ಯಸ್ಥಿಕೆ. 2024ರ ಮೇ 22ರಿಂದ ಈಚೆಗೆ ಹಾಕಿದ ಸಣ್ಣ ಹಣದ ಕೇಸುಗಳಿಗೆ ಇದು ಕಡ್ಡಾಯ, ಶುಲ್ಕ ಇಲ್ಲ. ಹಾಜರಾಗುವುದು ಕಡ್ಡಾಯ, ಒಪ್ಪುವುದಲ್ಲ. ಅಲ್ಲಿನ ಮಾತುಕತೆಯನ್ನು ಕೋರ್ಟಿನಲ್ಲಿ ಎತ್ತುವಂತಿಲ್ಲ, ಹಾಗಾಗಿ ಇಲ್ಲೂ ಬರೆಯುವುದಿಲ್ಲ. ರಾಜಿ ಆಗಲಿಲ್ಲ. ಕೇಸ್ ಅಕ್ಕನ ಊರಿನ ಕೌಂಟಿ ಕೋರ್ಟಿಗೆ ಬಂತು.

ವಿಚಾರಣೆ

ವಿಚಾರಣೆ ಶುಲ್ಕ ಕಟ್ಟುವ ದಿನ ಹತ್ತಿರವಾದಾಗ ಕಂಪನಿಗಳು ಕೇಸ್ ಹಿಂದಕ್ಕೆ ತೆಗೆದುಕೊಳ್ಳುವುದು ಸಾಮಾನ್ಯ. ಇಲ್ಲಿ ಹಾಗಾಗಲಿಲ್ಲ. ಎರಡೂ ಕಡೆಯವರು ಸಾಕ್ಷ್ಯ ಹೇಳಿಕೆ ಕೊಟ್ಟುಕೊಂಡೆವು. ಕಂಪನಿಯ ಹೇಳಿಕೆಗೆ ಸಹಿ ಮಾಡಿದವರು ಕಚೇರಿಯ ನೌಕರರು. ಆ ಕಟ್ಟಡವನ್ನು ನೋಡಿದ್ದೇನೆ ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಲೀಸಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಸಣ್ಣ ಕೇಸುಗಳಲ್ಲಿ ಕಕ್ಷಿದಾರರು ಹಾಜರಿದ್ದರೆ ವಕೀಲರಲ್ಲದವರೂ ಅವರ ಪರ ಮಾತಾಡಬಹುದು. ನಾನು ಆ ರೀತಿ ಜತೆಗೆ ಹೋದೆ. ಕೋರ್ಟ್ ಹಾಲ್ ಅಲ್ಲ, ಉದ್ದ ಮೇಜಿರುವ ಒಂದು ಕೋಣೆ. ಡಿಸ್ಟ್ರಿಕ್ಟ್ ಜಡ್ಜ್‌ಗೆ ಈಗ "ಜಡ್ಜ್" ಎಂದರೆ ಸಾಕು, ಉಳಿದ ಬಿರುದು ಬೇಡ. ಕಂಪನಿಯ ಪರ ಅವತ್ತಿಗೆಂದು ಗೊತ್ತುಮಾಡಿದ ವಕೀಲರು ಬಂದಿದ್ದರು. ಹೇಳಿಕೆಗೆ ಸಹಿ ಮಾಡಿದವರು ಬರಲಿಲ್ಲ.

ಫಾರ್ಮಿನಲ್ಲಿ ವಿವರ ಇಲ್ಲ ಎಂಬ ನಮ್ಮ ಮೊದಲ ಆಕ್ಷೇಪವನ್ನು ಜಡ್ಜ್ ಪಕ್ಕಕ್ಕಿಟ್ಟರು. ಕೇಸ್ ಏನೆಂದು ನಿಮಗೆ ಚೆನ್ನಾಗಿ ಅರ್ಥವಾಗಿದೆ, ಇಷ್ಟು ವಿವರವಾಗಿ ಉತ್ತರಿಸಿದ್ದೀರಿ ಎಂದರು. ಅದು ಸರಿಯೇ. ನೇರವಾಗಿ ಲೀಸಿಗೆ ಬಂದರು.

ಎದುರಿನ ವಕೀಲರ ಗಟ್ಟಿ ವಾದ ನಾವು ಎದುರು ನೋಡಿದ್ದಲ್ಲ. ಅಕ್ಕ ಪರ್ಮಿಟ್ ತೆಗೆದುಕೊಂಡಿದ್ದಾರೆ, ದಿನವೂ ಇಟ್ಟಿದ್ದಾರೆ, ಅಂದರೆ ಈ ವ್ಯವಸ್ಥೆಗೆ ನಡತೆಯಿಂದಲೇ ಒಪ್ಪಿಕೊಂಡ ಹಾಗೆ ಎಂದರು. ಜಡ್ಜ್ ಅಕ್ಕನನ್ನೇ ಕೇಳಿದರು: ಪರ್ಮಿಟ್ ಕೊಡುವಾಗ ಏನಾದರೂ ಸಹಿ ಹಾಕಿದ್ದೀರಾ? ಇಲ್ಲ, ಬೀಗದ ಕೈ ಜತೆ ಏಜೆಂಟ್ ಕೊಟ್ಟರು, ಹೊರಗಿನವರ ಗಾಡಿ ತಡೆಯಲು ಸಹಾಯವಾಗುತ್ತದೆ ಎಂದರು, ಅದಕ್ಕೆ ಇಟ್ಟೆ ಎಂದು ಅಕ್ಕ ಹೇಳಿದರು. ಅಷ್ಟು ನೇರವಾದ ಉತ್ತರವನ್ನು ನಾನು ಬರೆದುಕೊಟ್ಟಿದ್ದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ನಾನು ಎರಡು ತೀರ್ಪು ಮುಂದಿಟ್ಟೆ. ಒಂದು 2016ರಲ್ಲಿ ಆಕ್ಸ್‌ಫರ್ಡ್ ಕೌಂಟಿ ಕೋರ್ಟಿನಲ್ಲಿ ಮೇಲ್ಮನವಿಯಾಗಿ ಬಂದ ಜಾಪ್ಸನ್ ವಿರುದ್ಧ ಹೋಂಗಾರ್ಡ್. ನಿವಾಸಿಯೊಬ್ಬರು ಪೀಠೋಪಕರಣ ಇಳಿಸಲು ಬಾಗಿಲ ಬಳಿ ಕಾರು ನಿಲ್ಲಿಸಿದ್ದರು. ಲೀಸ್ ಕೊಟ್ಟ ಹಕ್ಕನ್ನು ಪಾರ್ಕಿಂಗ್ ಕಂಪನಿಯ ಬೋರ್ಡ್ ಕಿತ್ತುಕೊಳ್ಳಲಾಗದು ಎಂದು ಸರ್ಕ್ಯೂಟ್ ಜಡ್ಜ್ ಚಾರ್ಲ್ಸ್ ಹ್ಯಾರಿಸ್ ತೀರ್ಪು ಕೊಟ್ಟರು. ಇನ್ನೊಂದು 2001ರ ಸಯೀದ್ ವಿರುದ್ಧ ಪ್ಲಸ್‌ಟ್ರೇಡ್. ಲೀಸಿನಲ್ಲಿ ಕೊಟ್ಟ ಪಾರ್ಕಿಂಗ್ ಹಕ್ಕನ್ನು ಒಡೆಯರೇ ಆಮೇಲೆ ಗಣನೀಯವಾಗಿ ಕುಗ್ಗಿಸುವಂತಿಲ್ಲ ಎಂದು ಕೋರ್ಟ್ ಆಫ್ ಅಪೀಲ್ ಹೇಳಿದ ಕೇಸ್. ಒಡೆಯರಿಗೇ ಇಲ್ಲದ ಅಧಿಕಾರ ಅವರು ನೇಮಿಸಿದ ಕಂಪನಿಗೆ ಎಲ್ಲಿಂದ ಬಂದೀತು ಎಂದು ಕೇಳಿದೆ.

ನಿಯಮಗಳ ಕಲಮನ್ನು ವಕೀಲರು ಹಿಡಿದೇ ಹಿಡಿದರು. ಆ ನಿಯಮ ಎಲ್ಲಿದೆ, ಯಾವಾಗ ಮಾಡಿದ್ದು, ಯಾರಿಗೆ ತಿಳಿಸಿದ್ದು ಎಂದು ಜಡ್ಜ್ ಕೇಳಿದರು. ಕಡತದಲ್ಲಿ ಇದ್ದದ್ದು ನಿರ್ವಹಣೆಯವರ ಜತೆಗಿನ ಒಪ್ಪಂದ ಮಾತ್ರ. ಅದರಲ್ಲೂ ಹಲವು ಸಾಲುಗಳಿಗೆ ಕಪ್ಪು ಬಳಿದಿತ್ತು. ಒಡೆಯರ ಸಹಿ ಇರಲಿಲ್ಲ.

ಜಡ್ಜ್ ಅಲ್ಲೇ ತೀರ್ಪು ಹೇಳಿದರು. ಗಾಡಿ ನಿಲ್ಲಿಸುವ ಹಕ್ಕು ಅಕ್ಕನಿಗೆ ಬಾಡಿಗೆ ಕರಾರಿನಿಂದ ಬಂದಿದೆ, ಕಂಪನಿಯ ಬೋರ್ಡಿನಿಂದ ಅಲ್ಲ. ಕಂಪನಿ ಹೊಸದಾಗಿ ಏನನ್ನೂ ಕೊಟ್ಟಿಲ್ಲ. ಪರ್ಮಿಟ್ ಇಟ್ಟುಕೊಂಡದ್ದು ಸೌಜನ್ಯ, ಹಕ್ಕನ್ನು ಬಿಟ್ಟುಕೊಟ್ಟದ್ದಲ್ಲ. ಕ್ಲೇಮ್ ವಜಾ. ಕರಾರೇ ಇಲ್ಲದ ಮೇಲೆ 70 ಪೌಂಡಿನ ಪ್ರಶ್ನೆಗೆ ಹೋಗುವ ಅಗತ್ಯ ಇಲ್ಲ ಎಂದರು. ಅದರ ಬಗ್ಗೆಯೂ ಒಂದು ಮಾತು ಹೇಳಲಿ ಎಂದು ನನಗೆ ಆಸೆ ಇತ್ತು, ಆಗಲಿಲ್ಲ. ವಿಚಾರಣೆಗೆ ಬರಲು ಒಂದು ಪಾಳಿಯ ಸಂಬಳ ಹೋಗಿತ್ತು. ಅದಕ್ಕೆ ದಿನಕ್ಕೆ ಗರಿಷ್ಠ 95 ಪೌಂಡ್ ಕೊಡಿಸಲು ಅವಕಾಶ ಇದೆ. ಅಕ್ಕ ಪೇಸ್ಲಿಪ್ ತಂದಿದ್ದರಿಂದ ಅದು ಸಿಕ್ಕಿತು, ಬಸ್ ಖರ್ಚೂ ಸಿಕ್ಕಿತು.

ಕೌಂಟಿ ಕೋರ್ಟಿನ ಇಂಥ ತೀರ್ಪು ಬೇರೆ ಜಡ್ಜ್‌ಗಳನ್ನು ಕಟ್ಟಿಹಾಕುವುದಿಲ್ಲ. ಕಂಪನಿ ಇನ್ನೂ ಅದೇ ಕಟ್ಟಡದಲ್ಲಿ ಕೆಲಸ ಮಾಡುತ್ತಿದೆ. ಅಕ್ಕನ ಕೇಸ್ ಕೇಳಿ ಪಕ್ಕದ ಬ್ಲಾಕಿನ ಒಬ್ಬರು ತಮ್ಮ ನೋಟಿಸ್ ಹಿಡಿದುಕೊಂಡು ಬಂದರು. ಅವರ ಬಾಡಿಗೆ ಕರಾರು ತೆಗೆದು ನೋಡಿದರೆ, ಜಾಗಕ್ಕೆ ಸಂಖ್ಯೆ ಇಲ್ಲ, "ಆಗ ಜಾರಿಯಲ್ಲಿರುವ ಪರ್ಮಿಟ್ ವ್ಯವಸ್ಥೆಗೆ ಒಳಪಟ್ಟು" ಎಂದು ಬರೆದಿದೆ. ಅಕ್ಕನ ವಾದ ಅವರಿಗೆ ನಡೆಯುವುದಿಲ್ಲ. ಅವರು ಇನ್ನೂ ಕಂಪನಿಗೆ ಏನೂ ಬರೆದಿಲ್ಲ, ಗಾಡಿ ಓಡಿಸಿದವರು ಯಾರೆಂದು ಹೇಳಿಲ್ಲ. ಅವರ ಕೇಸನ್ನು ನೋಟಿಸಿನ ತಾರೀಖು ಮತ್ತು ಒಕ್ಕಣೆಯಿಂದ ಶುರು ಮಾಡುತ್ತಿದ್ದೇವೆ.